ತಿಕ್ಕಬೇಡಿ, ಓರೆ ಮಾಡಿ ನೋಡಿ

ಒಬ್ಬರು ನಾಲ್ಕು ಬೆಳ್ಳಿ ನಾಣ್ಯ ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕೂ ಫಳಫಳ. "ನಿನ್ನೆ ರಾತ್ರಿ ಕೂತು ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ, ನಿಮಗೆ ನೋಡೋಕೆ ಸುಲಭ ಆಗ್ಲಿ ಅಂತ" ಎಂದರು. ಏನು ಹೇಳಬೇಕೋ ತೋಚಲಿಲ್ಲ. ಅವರ ತಾತ ಕೂಡಿಟ್ಟ ನಾಣ್ಯಗಳಂತೆ. ಎಷ್ಟೋ ವರ್ಷ ಪೆಟ್ಟಿಗೆಯ ತಳದಲ್ಲಿ ಸುಮ್ನೆ ಮಲಗಿದ್ದವು. ಒಂದೇ ರಾತ್ರಿಯಲ್ಲಿ ಅವುಗಳ ಬೆಲೆಯ ದೊಡ್ಡ ಪಾಲು ನಲ್ಲಿ ನೀರಿನ ಜೊತೆ ಹರಿದುಹೋಗಿತ್ತು. "ಐದನೆಯದೂ ಇದೆ. ಅಷ್ಟರಲ್ಲಿ ಪೇಸ್ಟ್ ಮುಗೀತು. ಕಪ್ಪಗೇ ಇದೆ, ಅದಕ್ಕೇ ತರಲಿಲ್ಲ" ಎಂದರು. ಅದನ್ನು ಮುಟ್ಟಬೇಡಿ, ಹಾಗೇ ತನ್ನಿ ಎಂದೆ.

ಹೊಸಬರು ನಾಣ್ಯದಲ್ಲಿ ಮೊದಲು ಇಸವಿ ನೋಡುತ್ತಾರೆ. ನಾವು ನೋಡುವುದು ನಾಣ್ಯದ ಮೈ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟಂಕಸಾಲೆಯಲ್ಲಿ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆ ಸಿಕ್ಕಿ ಒತ್ತಿಸಿಕೊಂಡಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹಾಗೆ ಹರಿದ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ನಾಣ್ಯದ ಮೇಲೆ ಉಳಿಯುತ್ತದೆ. ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ನಿಧಾನವಾಗಿ ಓರೆ ಮಾಡಿ. ಗಾಡಿ ಚಕ್ರದ ಕಡ್ಡಿಗಳ ಹಾಗೆ ಬೆಳಕಿನ ಪಟ್ಟಿಗಳು ನಡುವಿನಿಂದ ಹೊರಟು ಸುತ್ತುತ್ತವೆ. ಅದು ಹುಟ್ಟಿನಿಂದ ಬಂದ ಮೆರುಗು. ತಿಕ್ಕಿದ ನಾಣ್ಯವೂ ಹೊಳೆಯುತ್ತದೆ, ಆದರೆ ಪಟ್ಟಿ ಸುತ್ತುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದರೆ ಒಂದೇ ದಿಕ್ಕಿಗೆ ಓಡಿದ ನೂರಾರು ಗೀರುಗಳು ಕಾಣುತ್ತವೆ. ಅಕ್ಷರಗಳ ಸಂದಿಯಲ್ಲಿ ಬೆಳ್ಳಗೆ ಪೇಸ್ಟ್ ಕೂತಿರುತ್ತದೆ. ಆ ನಾಲ್ಕರಲ್ಲೂ ಇತ್ತು.

ತಿಕ್ಕದೆ ರಾಸಾಯನಿಕದಲ್ಲಿ ಅದ್ದಿ ತೆಗೆಯುವವರೂ ಇದ್ದಾರೆ. ಬೆಳ್ಳಿಯ ಕಪ್ಪು ಬೇರೇನಲ್ಲ, ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಆದ ತೆಳು ಪದರ. ಆ ಪದರದಲ್ಲಿರುವುದೂ ನಾಣ್ಯದ ಬೆಳ್ಳಿಯೇ. ಅದನ್ನು ಕರಗಿಸಿದರೆ ಮೇಲ್ಮೈಯ ಬೆಳ್ಳಿಯೂ ಅದರ ಜೊತೆಗೇ ಹೋಗುತ್ತದೆ. ಒಂದು ಸಲ ಅದ್ದಿದ್ದು ಗೊತ್ತಾಗದೇ ಇರಬಹುದು. ಮೂರು ನಾಲ್ಕು ಸಲ ಆದ ಮೇಲೆ ನಾಣ್ಯ ಸುಣ್ಣ ಬಳಿದ ಗೋಡೆ ಥರ ಬೆಳ್ಳಗೆ, ಪೆಚ್ಚಾಗಿ ಕಾಣುತ್ತದೆ.

ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ? ರೋಮನ್ ಸಾಮ್ರಾಜ್ಯದ ಕೊನೆಗಾಲದ ಸಣ್ಣ ಕಂಚಿನ ನಾಣ್ಯಗಳಿಗೆ 1,600 ವರ್ಷ ದಾಟಿದೆ. ಲೆಕ್ಕವಿಲ್ಲದಷ್ಟು ಸಿಕ್ಕಿವೆ, ಹಾಗಾಗಿ ಸವೆದವು ಹೊಸಬರ ಕೈಗೂ ಎಟುಕುತ್ತವೆ. ಇನ್ನು ಇಸವಿಯನ್ನಂತೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾ ತೀರಿಕೊಂಡದ್ದು 1780ರಲ್ಲಿ. ಅವರ ಚಿತ್ರವಿರುವ ಥೇಲರ್ ಎನ್ನುವ ಬೆಳ್ಳಿ ನಾಣ್ಯ ವ್ಯಾಪಾರಿಗಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಅದೇ 1780ರ ಇಸವಿ ಹಾಕಿ ಮತ್ತೆ ಮತ್ತೆ ಟಂಕಿಸಿದರು. ವಿಯೆನ್ನಾದಲ್ಲಷ್ಟೇ ಅಲ್ಲ, ಲಂಡನ್, ರೋಮ್, ಮುಂಬೈಯಲ್ಲೂ. ಇನ್ನೂರು ವರ್ಷದ ನಾಣ್ಯ ಅಂತ ಜನ ತರುವ ಥೇಲರ್ ಹೆಚ್ಚಿನ ಸಲ 20ನೇ ಶತಮಾನದ್ದೇ ಆಗಿರುತ್ತದೆ. ಅದು ಖೋಟಾ ಅಲ್ಲ, ಬೆಳ್ಳಿಯೂ ಸರಿಯಾಗಿಯೇ ಇರುತ್ತದೆ. ವಯಸ್ಸು ಮಾತ್ರ ಬೇರೆ.

ಬೆಲೆ ನಿಲ್ಲುವುದು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನಕ್ಕೆ ಬೇಕು ಎನ್ನುವುದರ ಮೇಲೆ. ಮೂರನೆಯದನ್ನು ಹೊಸಬರು ಮರೆತೇಬಿಡುತ್ತಾರೆ. ಬರೀ ಐವತ್ತು ಉಳಿದಿರುವ ನಾಣ್ಯವನ್ನು ಹುಡುಕುವವರು ಹತ್ತೇ ಜನ ಇದ್ದರೆ ಬೆಲೆ ಏರುವುದಿಲ್ಲ.

ಸ್ಥಿತಿಗೆ ಅಂಕ ಕೊಡುವ ಪದ್ಧತಿಯ ಹಿಂದೆಯೂ ಒಂದು ತಮಾಷೆ ಇದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ದೇಶದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗೆ 1ರಿಂದ 70ರ ಅಳತೆ ಹಾಕಿದರು. ಗುರುತು ಸಿಗುವಷ್ಟು ಮಾತ್ರ ಉಳಿದದ್ದು 1, ಎಲ್ಲಾ ರೀತಿಯಲ್ಲೂ ಚೆನ್ನಾಗಿರುವುದು 70, ಅದರ ಬೆಲೆಯೂ ಮೊದಲನೆಯದರ 70 ಪಟ್ಟು ಎನ್ನುವ ಲೆಕ್ಕ. ಬೆಲೆಯ ಲೆಕ್ಕ ಬಲುಬೇಗ ತಲೆಕೆಳಗಾಯಿತು. ಅಂಕ ಮಾತ್ರ ಉಳಿದು ಬೇರೆ ನಾಣ್ಯಗಳಿಗೂ ಹಬ್ಬಿತು. ಈಗ 60 ಮತ್ತು ಮೇಲೆ ಎಂದರೆ ಚಲಾವಣೆಗೇ ಹೋಗದ ನಾಣ್ಯ.

ಆದರೆ ಚೂರೇ ಚೂರು ಸವೆದ 58 ಮತ್ತು ಸವೆಯದ 60ರ ನಡುವೆ ಕಣ್ಣಿಗೆ ಮೋಸವಾಗುವುದು ಜಾಸ್ತಿ. ಸವೆತ ಮೊದಲು ಬೀಳುವುದು ಉಬ್ಬಿದ ಕಡೆ: ಚಿತ್ರದ ಕೆನ್ನೆ, ಹುಬ್ಬು, ಕಿವಿಯ ಮೇಲಿನ ಕೂದಲು. ಅಲ್ಲಿ ಸಪಾಟಾಗಿದ್ದರೆ ಸವೆದಿದೆ ಅಂತ ಬರೆದುಬಿಡಬೇಡಿ. ಅಚ್ಚು ಸರಿಯಾಗಿ ಒತ್ತದೇ ಇದ್ದರೂ ಕೂದಲಿನ ಎಳೆ ಮೂಡಿರುವುದಿಲ್ಲ. ಓರೆ ಮಾಡಿ ನೋಡಿ. ಸಪಾಟಾದ ಜಾಗದ ಮೇಲೂ ಮೆರುಗಿನ ಪಟ್ಟಿ ಕಡಿಯದೆ ಹಾದುಹೋದರೆ ಅದು ಒತ್ತಿನ ಕೊರತೆ. ಅಲ್ಲಿಗೆ ಬಂದ ತಕ್ಷಣ ಪಟ್ಟಿ ಮಂಕಾಗಿ ಬಣ್ಣ ಬದಲಾದರೆ ಅದು ಬೆರಳು, ಜೇಬು ಸವೆಸಿದ್ದು. ಇದನ್ನು ಓದಿ ಕಲಿಯುವುದು ಕಷ್ಟ. ಅಗ್ಗದ ಸಾಮಾನ್ಯ ನಾಣ್ಯಗಳನ್ನು ನೂರಾರು ಸಲ ತಿರುಗಿಸಿದರೆ ಕಣ್ಣು ತಾನಾಗೇ ಪಳಗುತ್ತದೆ.

ಖೋಟಾ ಹಿಡಿಯಲು ನಾನು ಮೊದಲು ಕೈ ಹಾಕುವುದು ತಕ್ಕಡಿಗೆ. ಮಾರ್ಗನ್ ಡಾಲರ್ ಎನ್ನುವ ಅಮೆರಿಕದ ಹಳೆಯ ಬೆಳ್ಳಿ ನಾಣ್ಯ ತೂಗಬೇಕಾದದ್ದು 26.73 ಗ್ರಾಂ, 90 ಪಾಲು ಬೆಳ್ಳಿ, 10 ಪಾಲು ತಾಮ್ರ. ತೂಕ ಸರಿ ಇದ್ದರೂ ಅನುಮಾನ ಹೋಗದಿದ್ದರೆ ಹೀಗೆ ಮಾಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಸುಮಾರು 2.6 ಗ್ರಾಂ ತೋರಿಸಬೇಕು. 3ರ ಹತ್ತಿರ ಹೋದರೆ ಅದು ಈ ಬೆಳ್ಳಿ ಅಲ್ಲ. ಹೊರಗಿನ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ, ಇಲ್ಲಿ 10.3 ಬರಬೇಕು. ಚಿನ್ನದ ವಿಷಯದಲ್ಲಿ ಇದೊಂದೇ ಸಾಲದು, ಯಾಕೆಂದರೆ ಟಂಗ್‌ಸ್ಟನ್ ಲೋಹದ ಸಾಂದ್ರತೆ ಹೆಚ್ಚುಕಡಿಮೆ ಅಚ್ಚ ಚಿನ್ನದಷ್ಟೇ ಇದೆ.

ತೂಕ, ಲೋಹ ಎರಡೂ ಸರಿ ಇದ್ದು ಅಂಕಿಯಲ್ಲಿ ಕೈಚಳಕ ಮಾಡುವವರೂ ಇದ್ದಾರೆ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿತ್ತು, ಹಾಗಾಗಿ ಅಮೆರಿಕ ಒಂದು ಸೆಂಟನ್ನು ಸತು ಬಳಿದ ಉಕ್ಕಿನಲ್ಲಿ ಟಂಕಿಸಿತು. ತಪ್ಪಿ ಕಂಚಿನ ಬಿಲ್ಲೆಯ ಮೇಲೆ ಬಿದ್ದ ಕೆಲವೇ ಕೆಲವು ನಾಣ್ಯಗಳಿಗೆ ಇವತ್ತು ವಿಪರೀತ ಬೆಲೆ. ಉಕ್ಕಿಗೆ ತಾಮ್ರ ಲೇಪಿಸಿದ್ದನ್ನು ಆಯಸ್ಕಾಂತವೇ ಹಿಡಿದುಕೊಡುತ್ತದೆ. ಕಷ್ಟದ್ದು ಇನ್ನೊಂದು. 1948ರ ಅಸಲಿ ನಾಣ್ಯದ 8ರ ಎಡಭಾಗ ಕೆರೆದು 3 ಮಾಡುತ್ತಾರೆ. ಲೂಪ್‌ನಲ್ಲಿ ಆ 3ರ ಪಕ್ಕದ ಖಾಲಿ ಜಾಗ ನೋಡಿ. ಸುತ್ತಲ ಮೈಗಿಂತ ಅಲ್ಲಿ ಬೇರೆ ಥರ ನುಣುಪು ಇರುತ್ತದೆ.

ಜೋಪಾನದ ವಿಷಯಕ್ಕೆ ಬಂದರೆ ನಾನೇ ತಪ್ಪಿತಸ್ಥ. ಶುರುವಿನಲ್ಲಿ ಬಗ್ಗುವ, ಮೆತ್ತನೆ ಹಾಳೆಗಳ ಆಲ್ಬಮ್ ತಂದು ಪ್ರೀತಿಯಿಂದ ಜೋಡಿಸಿಟ್ಟಿದ್ದೆ. ಕೆಲವು ವರ್ಷ ಬಿಟ್ಟು ತೆಗೆದರೆ ತಾಮ್ರದ ನಾಣ್ಯಗಳ ಮೇಲೆಲ್ಲ ಹಸಿರು ಅಂಟು. ಪಿವಿಸಿ ಪ್ಲಾಸ್ಟಿಕ್ ನಿಧಾನವಾಗಿ ಆಮ್ಲ ಬಿಡುತ್ತದೆ, ಅದು ಲೋಹವನ್ನು ತಿನ್ನುತ್ತದೆ. ಅಂಟನ್ನು ಶುದ್ಧ ಅಸಿಟೋನ್‌ನಲ್ಲಿ ತೊಳೆದು ತೆಗೆಯಬಹುದು, ಅದು ಲೋಹದ ತಂಟೆಗೆ ಹೋಗುವುದಿಲ್ಲ. ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿಯಿಂದ ದೂರ ಇರಲಿ. ಆದರೆ ಅಂಟಿನ ಕೆಳಗೆ ಬಿದ್ದ ಗುಳಿ ಹೋಗುವುದಿಲ್ಲ. ಆ ಆಲ್ಬಮ್‌ನ ಎರಡು ನಾಣ್ಯ ಈಗಲೂ ನನ್ನ ಡ್ರಾಯರ್‌ನಲ್ಲಿವೆ, ಬಂದವರಿಗೆ ತೋರಿಸೋಕೆ. ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಕವರ್ ಬಳಸಿ. ಅಂಚು ಹಿಡಿದೇ ಎತ್ತಿ. ಕೆಳಗೆ ಮೆತ್ತನೆ ಬಟ್ಟೆ ಹಾಸಿರಿ.

ಹಳೆಯ ಕಂಚಿನ ಮೇಲೆ ತಿಳಿ ಹಸಿರು ಪುಡಿ ಕಂಡರೆ ಮಾತ್ರ ಅದನ್ನು ಉಳಿದವುಗಳಿಂದ ಬೇರೆ ಮಾಡಿ ಒಣ ಜಾಗದಲ್ಲಿಡಿ. ಗಟ್ಟಿಯಾಗಿ ಕೂತ ಹಸಿರು ಕಿಲುಬು ನಾಣ್ಯವನ್ನು ಕಾಯುತ್ತದೆ. ಪುಡಿ ಉದುರುವ ಹಸಿರು ಕ್ಲೋರೈಡ್‌ನಿಂದ ಬಂದದ್ದು, ತೇವ ಸಿಕ್ಕಿದರೆ ನಾಣ್ಯವನ್ನೇ ತಿಂದುಹಾಕುತ್ತದೆ.

ಐದನೆಯ ನಾಣ್ಯ ಮುಂದಿನ ವಾರ ಬಂತು. ಅಂಚಿನ ಹತ್ತಿರ ಕಡುನೀಲಿ, ನಡುವೆ ಬೂದು. ದೀಪದ ಕೆಳಗೆ ಓರೆ ಮಾಡಿದೆ. ಆ ಬೂದು ಬಣ್ಣದ ಕೆಳಗಿಂದ ಬೆಳಕಿನ ಪಟ್ಟಿ ಎದ್ದು, ಕೆನ್ನೆಯ ಮೇಲೆ ಹಾದು, ಒಂದು ಸುತ್ತು ಪೂರ್ತಿ ತಿರುಗಿತು. ಅವರ ಕೈಗೂ ಕೊಟ್ಟು ತಿರುಗಿಸಲು ಹೇಳಿದೆ. ಬಹಳ ಹೊತ್ತು ತಿರುಗಿಸುತ್ತಲೇ ಇದ್ದರು. ಆಮೇಲೆ ತಿಕ್ಕಿದ ನಾಲ್ಕರಲ್ಲಿ ಒಂದನ್ನು ಜೇಬಿನಿಂದ ತೆಗೆದು ಅದನ್ನೂ ದೀಪಕ್ಕೆ ಹಿಡಿದರು.