ಒಂದೇ ಗೆರೆ, ಎರಡು ಹಲಗೆ: ಸಿಎನ್‌ಸಿಯಲ್ಲಿ ಅಲಂಕಾರದ ಮರದ ಜೋಡಣೆ

ಪುಣೆಯ ಭೋಸರಿಯ ಶೆಡ್ಡಿನಲ್ಲಿ ನನ್ನ ಜೊತೆ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಕೊಟ್ಟ ಗೆರೆಯಂತೆ ಮರ ಕೊರೆಯುವ ಯಂತ್ರ) ಕಲಿಯುತ್ತಿರುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಎರಡು ಹಲಗೆಗಳ ತುದಿಗಳು ಒಂದರೊಳಗೊಂದು ಕಚ್ಚಿಕೊಳ್ಳುವ ಜೋಡಣೆ ಇದು.

ಬಿಟ್, ಅಂದರೆ ಯಂತ್ರದಲ್ಲಿ ಗಿರ್ರನೆ ತಿರುಗುತ್ತಾ ಮರ ಕತ್ತರಿಸುವ ಅಲಗಿನ ಕಡ್ಡಿ, ದುಂಡಗಿರುತ್ತದೆ. ಎಲ್ಲ ತೊಡಕೂ ಅಲ್ಲಿಂದಲೇ ಶುರು. ಬಡಗಿ ಉಳಿ ಹಿಡಿದು ಒಳಮೂಲೆಯನ್ನು ಚೂಪಾಗಿ ತೆಗೆಯುತ್ತಾನೆ. 6 ಮಿ.ಮೀ. ಬಿಟ್ ಅದೇ ಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡು ಬಿಡುತ್ತದೆ. ಬಿಟ್ಟನ್ನು ಮೂಲೆಗೆ ಓರೆಯಾಗಿ ಇನ್ನೂ 1.24 ಮಿ.ಮೀ. ನುಗ್ಗಿಸಿದರೆ ಎದುರಿನ ಚೂಪು ಮೂಲೆ ಕೂರುತ್ತದೆ. ಇದಕ್ಕೆ ಡಾಗ್‌ಬೋನ್ ಅಂತಾರೆ. ಕಪಾಟಿನ ಒಳಗಡೆ ಸರಿ, ಆದರೆ ಕಣ್ಣಿಗೆ ಬೀಳುವ ಕಡೆ ಆ ತೂತುಗಳು ನನಗೆ ಹಿಡಿಸುವುದಿಲ್ಲ.

ಹಾಗಾಗಿ ದುಂಡನ್ನೇ ಚಿತ್ತಾರ ಮಾಡಿಕೊಳ್ಳಬೇಕು. ಎರಡು ಹಲಗೆ ಸೇರುವ ಕಡೆ ಒಂದೇ ಒಂದು ಗೆರೆ ಎಳೆಯಿರಿ. ಒಂದು ಹಲಗೆಗೆ ಬಿಟ್ ಗೆರೆಯ ಎಡಕ್ಕೆ 3 ಮಿ.ಮೀ. ಸರಿದು ಓಡುತ್ತದೆ, ಇನ್ನೊಂದಕ್ಕೆ ಬಲಕ್ಕೆ. ಈಗ ಯೋಚಿಸಿ: ಒಂದು ಹಲಗೆಯಲ್ಲಿ ಉಬ್ಬಾಗಿರುವ ತಿರುವು ಇನ್ನೊಂದರಲ್ಲಿ ತಗ್ಗು, ಅಲ್ವಾ? ಅಂದರೆ ಗೆರೆ ಯಾವ ಕಡೆಗೆ ತಿರುಗಿದರೂ ಆ ತಿರುವಿನ ತ್ರಿಜ್ಯ ಬಿಟ್ಟಿನದಕ್ಕಿಂತ ಜಾಸ್ತಿ ಇರಬೇಕು. ಸರಿಯಾಗಿ 3 ಇಟ್ಟರೆ ಬಿಟ್ ಮೂಲೆಯಲ್ಲಿ ನಿಂತು ಮರ ಸುಟ್ಟ ಕಲೆ ಬೀಳುತ್ತದೆ. ನಾನು 4 ಇಡುತ್ತೇನೆ.

ಮೊದಲು ನಾನು ಇಳಕಲ್ ಸೀರೆಯ ಸೆರಗಿನ ತೆನೆ ಚಿತ್ತಾರ ತೆಗೆದುಕೊಂಡೆ. ಅಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿಯೇ ನೇಯುತ್ತಾರೆ, ಅದಕ್ಕೇ ಮನಸ್ಸು ಅತ್ತ ಹೋಯಿತು. ತೆನೆಯ ತುದಿ ಚೂಪು. ಅದನ್ನು ದುಂಡು ಮಾಡಿ, ಕುತ್ತಿಗೆಯನ್ನು ತಲೆಗಿಂತ ಸಣ್ಣ ಮಾಡಿದೆ. ಕುತ್ತಿಗೆ ಸಣ್ಣಗಿಲ್ಲದಿದ್ದರೆ ಎಳೆದಾಗ ಬಿಚ್ಚಿಕೊಳ್ಳುತ್ತದೆ.

ಮರದ ನಾರು ಕುತ್ತಿಗೆಯ ಉದ್ದಕ್ಕೇ ಓಡಬೇಕು. ನನ್ನ ಮೊದಲ ತುಂಡಿನಲ್ಲಿ ನಾರು ಅಡ್ಡ ಇತ್ತು. ಮೆಲ್ಲಗೆ ತಟ್ಟಿದ್ದಕ್ಕೇ ಒಂದು ತೆನೆ ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು.

ಸಡಿಲ ಎಷ್ಟು? ಗೆರೆಗೆ ಸರಿಯಾಗಿ ಕತ್ತರಿಸಿದರೆ ಒಳಗೆ ಹೋಗುವುದೇ ಇಲ್ಲ. ಪ್ರತಿ ಹಲಗೆಗೆ 0.05, ಒಟ್ಟು 0.1 ಮಿ.ಮೀ. ಬಿಟ್ಟು ಶುರು ಮಾಡಿ. ಬಿಟ್ಟಿನ ಮೇಲೆ 6 ಅಂತ ಬರೆದಿದೆ ಅಂತ ಸುಮ್ನೆ ನಂಬಬೇಡಿ. ಚೂರು ಹಲಗೆಯಲ್ಲಿ ಒಂದು ತೋಡು ಹೊಡೆದು ಅದರ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಆ ಅಂಕಿಯನ್ನೇ ಸಾಫ್ಟ್‌ವೇರ್‌ಗೆ ಕೊಡಿ.

ವೇಗದ ಲೆಕ್ಕ ಸುಲಭ: ನಿಮಿಷಕ್ಕೆ 18,000 ಸುತ್ತು, ಬಿಟ್ಟಿಗೆ 2 ಅಲಗು, ಸುತ್ತಿಗೊಮ್ಮೆ ಒಂದೊಂದು ಅಲಗು ಕತ್ತರಿಸುವುದು 0.05 ಮಿ.ಮೀ. ಗುಣಿಸಿದರೆ ನಿಮಿಷಕ್ಕೆ 1,800 ಮಿ.ಮೀ. ಒಂದು ಸಲಕ್ಕೆ 3 ಮಿ.ಮೀ. ಆಳ ಸಾಕು. ಕತ್ತರಿಸಿದ ಗೋಡೆಯಲ್ಲಿ 0.2 ಮಿ.ಮೀ. ಉಳಿಸಿಕೊಂಡು ಕೊನೆಯಲ್ಲಿ ಅದನ್ನು ಒಂದೇ ಓಟದಲ್ಲಿ ಸವರಿದರೆ ಗೋಡೆ ನೆಟ್ಟಗೆ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ. ಮರ ತೇವ ಕುಡಿದು ನಾರಿಗೆ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ಎರಡೂ ಹಲಗೆಯನ್ನು ಒಂದೇ ದಿನ ಕತ್ತರಿಸಿ, ಅಂದೇ ಸೇರಿಸಿ. ಬಿಳಿ ಅಂಟಿನಲ್ಲೂ ನೀರಿದೆ. ತೆಳುವಾಗಿ ಸವರಿ, ತಡ ಮಾಡದೆ ರಬ್ಬರ್ ಸುತ್ತಿಗೆಯಿಂದ ಮೇಲಿಂದ ಸಮನಾಗಿ ತಟ್ಟುತ್ತಾ ಕೂರಿಸಿ.