ಕಾಫಿ ಗಿಡದ ಮಳೆ ಲೆಕ್ಕ

ಹವಾಮಾನ ಬದಲಾವಣೆಯ ಮಾತೆತ್ತಿದರೆ, 'ವರ್ಷದ ಮಳೆಯೇನೂ ಕಡಿಮೆಯಾಗಿಲ್ಲವಲ್ಲ' ಎಂದು ಇಂಚು, ಸೆಂಟುಗಳನ್ನು (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ಕೂಡಿಸಿ ತೋರಿಸುವವರು ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಈಗಲೂ ಇದ್ದಾರೆ. ಕಾಫಿಯ ಮಟ್ಟಿಗೆ ಈ ವಾದಕ್ಕೆ ಹೆಚ್ಚು ಬೆಲೆಯಿಲ್ಲ. ಮಳೆ ಯಾವ ವಾರ ಬಿತ್ತು ಎಂಬುದರ ಮೇಲೆ ಅದರ ಫಸಲು ನಿಂತಿದೆ.

ಮಳೆಗಾಲ ಮುಗಿದು ಹಗಲು ಕಿರಿದಾಗುತ್ತಿದ್ದಂತೆ ಎಲೆಗಳ ಕಂಕುಳಲ್ಲಿ ಮೂಡುವ ಮೊಗ್ಗುಗಳು ನಾಲ್ಕಾರು ಮಿಲಿಮೀಟರ್ ಬೆಳೆದು ಹಾಗೆಯೇ ನಿಂತುಬಿಡುತ್ತವೆ. ಅವು ಅರಳುವ ಕ್ರಮ ಎರಡು ಸುತ್ತಿನ ಬೀಗದಂತಿದ್ದು, ಮೊದಲ ಸುತ್ತು ತಿರುಗದೆ ಎರಡನೆಯದು ತಿರುಗುವುದಿಲ್ಲ. ಕೆಲವು ವಾರಗಳ ಒಣಹವೆಯಲ್ಲಿ ನೀರಿನ ಕೊರತೆಯುಂಟಾಗಿ, ಮೊಗ್ಗಿನೊಳಗಿನ ಹಾರ್ಮೋನುಗಳ ಸಮತೋಲನ ಬದಲಾಗಬೇಕು. ಆ ಬಳಿಕ ಸುಮಾರು ಒಂದು ಇಂಚಿನ ಹೂಮಳೆ ಬಿದ್ದರೆ, ಎಂಟು-ಹತ್ತು ದಿನಗಳಲ್ಲಿ ಇಡೀ ತೋಟ ಬೆಳ್ಳಗೆ ಅರಳುತ್ತದೆ. ಕಾಯಿ ಕಚ್ಚಿ ನಿಲ್ಲಲು ಎರಡು-ಮೂರು ವಾರಗಳ ಅನಂತರ ಬ್ಯಾಕಿಂಗ್ (ಬೆಂಬಲದ) ಮಳೆಯೂ ಬರಬೇಕು.

ಜನವರಿಯಲ್ಲೇ ಅಕಾಲಿಕ ಮಳೆಯಾದರೆ ಸಿದ್ಧವಾದ ಮೊಗ್ಗುಗಳಷ್ಟೇ ಅರಳಿ, ಉಳಿದವು ಮುಂದಿನ ಮಳೆಗೆ ಕಾಯುತ್ತವೆ. ಸುಗ್ಗಿಯ ಹೊತ್ತಿಗೆ ಒಂದೇ ರೆಂಬೆಯಲ್ಲಿ ಹಸಿರು ಕಾಯಿ, ಕೆಂಪು ಹಣ್ಣು, ಒಣಗಿ ಕಪ್ಪಾದ ಹಣ್ಣು ಒಟ್ಟಿಗೆ ಕಾಣುವುದು ಇದರಿಂದಲೇ. ಕೊಯ್ಲು ಮತ್ತೆ ಮತ್ತೆ ಮಾಡಬೇಕಾಗಿ ಆಳಿನ ಖರ್ಚು ಏರುತ್ತದೆ. ಹೂಮಳೆ ತಡವಾಗಿ ಬಿಸಿಲು ವಿಪರೀತವಾದಾಗಲಂತೂ ಮೊಗ್ಗುಗಳು ಅವಧಿಗೆ ಮೊದಲೇ ಬಿರಿದು, ಎಸಳು ಬೆಳೆಯದೆ, ಹಸಿರಾಗಿ ಬಿರುಸಾದ ನಕ್ಷತ್ರದಾಕಾರದ ಹೂಗಳಾಗುತ್ತವೆ. ಅವು ಕಾಯಿ ಕಟ್ಟುವುದಿಲ್ಲ.

ರೇವತಿ, ಅಶ್ವಿನಿ ಮಳೆ ಕೈಕೊಟ್ಟಾಗ ಪಂಚಾಂಗದಲ್ಲಿ ದೋಷ ಹುಡುಕುವವರುಂಟು. ಮಳೆ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸಿ ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುವಾಗ, ಮಳೆಯಲ್ಲಾದ ವ್ಯತ್ಯಾಸಕ್ಕೆ ಅವು ಹೇಗೆ ಕಾರಣವಾದಾವು? ಕಾರಣ ಗಾಳಿಯಲ್ಲಿದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹೀಗಾಗಿ ಮಳೆ ಸುರಿದರೆ ಬಿರುಸಾಗಿ ಸುರಿಯುತ್ತದೆ, ನಡುವಣ ಒಣದಿನಗಳಲ್ಲಿ ಅದೇ ಗಾಳಿ ಮಣ್ಣಿನ ತೇವವನ್ನು ಬೇಗನೆ ಹೀರಿಬಿಡುತ್ತದೆ.

ಬಾಬಾಬುಡನ್ ಏಳು ಬೀಜಗಳನ್ನು ಯೆಮೆನ್‌ನಿಂದ ತಂದು ನೆಟ್ಟರೆಂಬ ಐತಿಹ್ಯವಿರುವ ಗಿರಿಶ್ರೇಣಿಯ ತಂಪು ಅರೇಬಿಕಾ ಕಾಫಿಗೆ ಒಗ್ಗಿತ್ತು. ತಾಪ ಹೆಚ್ಚಿದಷ್ಟೂ, ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವ ಬಿಳಿ ಕಾಂಡಕೊರಕ ಕೀಟಕ್ಕೆ ಅನುಕೂಲ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನೆರಳು ಮರಗಳನ್ನು ಉಳಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. ಮರ ಕಡಿದು ತೋಟವನ್ನು ಬಯಲು ಮಾಡಿದವರು ಕೀಟವನ್ನು ತಾವೇ ಕರೆದಂತೆ. ಸ್ಪ್ರಿಂಕ್ಲರ್ ಇರುವವರು ಇನ್ನೊಂದು ಬಗೆಯ ಕಾಫಿಯಾದ ರೊಬಸ್ಟಾಕ್ಕೆ ಫೆಬ್ರವರಿಯಲ್ಲಿ ನೀರು ಹಾರಿಸಿ ಹೂವಿನ ದಿನವನ್ನು ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಆದರೆ ಜನವರಿಯ ಮಳೆಗೆ ಅದು ಪರಿಹಾರವಲ್ಲ. ಕೆರೆಯಿಲ್ಲದ ಏರುಜಾಗದ ಅರೇಬಿಕಾ ತೋಟಗಳಿಗೆ ಆ ಅನುಕೂಲವೂ ಇಲ್ಲ.