ನಿರ್ಧಾರ ಹುಟ್ಟುವ ಜಾಗ: ಮಂಗ, ಚುಕ್ಕಿ ಮತ್ತು ಮುಗಿಯದ ತಕರಾರು

ಮಿದುಳು ಹೇಗೆ ನಿರ್ಧಾರ ಮಾಡುತ್ತದೆ ಎಂಬ ಬಗ್ಗೆ ಒಂದಕ್ಕೊಂದು ತಾಳೆಯಾಗದ ಸುದ್ದಿಗಳೇ ಜಾಸ್ತಿ. ಗೊಂದಲದ ಬೇರು ಒಂದು ಚುಕ್ಕಿಯಾಟದಲ್ಲಿದೆ.

ಪರದೆಯ ಮೇಲೆ ಚುಕ್ಕಿಗಳು ದಿಕ್ಕಾಪಾಲಾಗಿ ಓಡುತ್ತಿರುತ್ತವೆ. ಕೆಲವು ಮಾತ್ರ ಒಟ್ಟಾಗಿ ಎಡಕ್ಕೋ ಬಲಕ್ಕೋ ಸಾಗುತ್ತವೆ. ಯಾವ ಕಡೆ ಅಂತ ಗುರುತಿಸಿ ಮಂಗ ಕಣ್ಣು ಹೊರಳಿಸಬೇಕು. ಸರಿಯಿದ್ದರೆ ಒಂದು ಗುಟುಕು ಜ್ಯೂಸ್.

ಚಲನೆಯನ್ನು ಗುರುತಿಸುವ ಎಂಟಿ ಎಂಬ ಭಾಗಕ್ಕೆ ಸಣ್ಣದಾಗಿ ಕರೆಂಟು ಕೊಟ್ಟರೆ ಮಂಗದ ಉತ್ತರವೇ ಒಂದು ಕಡೆ ವಾಲುತ್ತದೆ ಎಂದು 1990ರಲ್ಲಿ ನರವಿಜ್ಞಾನಿ ವಿಲಿಯಂ ನ್ಯೂಸಮ್ ತಂಡ ತೋರಿಸಿತು. ಸುಳಿವು ಸಿಗುವ ಜಾಗ ಗೊತ್ತಾಯಿತು. ಆದರೆ ನಿರ್ಧಾರ ಆಗುವುದೆಲ್ಲಿ?

ಇದನ್ನು ಹುಡುಕುತ್ತಾ ಮೈಕಲ್ ಶ್ಯಾಡ್ಲೆನ್ ಮತ್ತು ನ್ಯೂಸಮ್, ಕಣ್ಣು ಹೊರಳಿಸುವುದಕ್ಕೆ ಸಂಬಂಧಿಸಿದ ಎಲ್‌ಐಪಿ ಎಂಬ ಇನ್ನೊಂದು ಭಾಗವನ್ನು ನೋಡಿದರು. ಅಲ್ಲಿನ ನರಕೋಶಗಳ ಮಿಡಿತ, ಅಂದರೆ ಅವು ವಿದ್ಯುತ್ ಸಂಕೇತ ಹೊರಡಿಸುವ ವೇಗ, ಮೆಲ್ಲಗೆ ಏರುತ್ತಿತ್ತು. ಚುಕ್ಕಿಗಳ ದಿಕ್ಕು ಸ್ಪಷ್ಟವಿದ್ದರೆ ಬೇಗ, ಗೋಜಲಿದ್ದರೆ ನಿಧಾನ. 2002ರ ಇನ್ನೊಂದು ಪ್ರಯೋಗದಲ್ಲಿ, ಏರಿಕೆ ಬೇಗವಿರಲಿ ತಡವಿರಲಿ, ಕಣ್ಣು ಹೊರಳುವ ಮುಂಚೆ ಮಿಡಿತ ಹೆಚ್ಚುಕಮ್ಮಿ ಒಂದೇ ಮಟ್ಟ ಮುಟ್ಟುತ್ತಿತ್ತು. ಸುಳಿವು ಕೂಡುತ್ತಾ ಹೋಗಿ ಒಂದು ಗೆರೆ ದಾಟಿದರೆ ನಿರ್ಧಾರ! ಲೆಕ್ಕ ಎಷ್ಟು ಚೆನ್ನಾಗಿತ್ತೆಂದರೆ ಅನುಮಾನಪಡಲು ಯಾರಿಗೂ ಅವಸರವಿರಲಿಲ್ಲ.

ತಕರಾರು ಎದ್ದದ್ದು 2015ರಲ್ಲಿ. ಆ ಏರಿಕೆ ನೂರಾರು ಸಲದ ಸರಾಸರಿ ಅಲ್ವಾ? ಸಂಜೆ ಒಂದೊಂದು ಮನೆಯಲ್ಲಿ ಒಂದೊಂದು ಹೊತ್ತಿಗೆ ದೀಪ ಹಾಕಿದರೂ ಗುಡ್ಡದ ಮೇಲಿಂದ ಊರಿನ ಬೆಳಕು ಮೆಲ್ಲಗೆ ಏರಿದಂತೆ ಕಾಣುತ್ತದೆ. ಪ್ರತಿ ಸಲವೂ ಮಿಡಿತ ಥಟ್ಟನೆ ಜಿಗಿಯುತ್ತಿರಬಹುದು ಎಂಬುದು ಹೊಸ ವಾದ. ಮರುವರ್ಷ ಟೆಕ್ಸಾಸ್‌ನ ತಂಡವೊಂದು ಔಷಧ ಕೊಟ್ಟು ಎಲ್‌ಐಪಿಯನ್ನು ಸುಮ್ಮನಾಗಿಸಿತು. ಮಂಗದ ನಿರ್ಧಾರದಲ್ಲಿ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಎಂಟಿಯನ್ನು ಸುಮ್ಮನಾಗಿಸಿದಾಗ ಮಾತ್ರ ಆಟ ಪೂರ್ತಿ ಕೆಟ್ಟಿತು.

ಹಾಗಾದರೆ ಎಲ್‌ಐಪಿ ಬರೀ ನೋಡುಗನೇ? ಅಷ್ಟು ಸುಲಭವಲ್ಲ. ಸುಮ್ಮನಾಗಿಸಿದ ಆರಂಭದಲ್ಲಿ ನಿರ್ಧಾರ ವಾಲುತ್ತದೆ, ಆಮೇಲೆ ಅದೇ ದಿನವೇ ಸರಿಹೋಗುತ್ತದೆ ಎಂದು 2022ರಲ್ಲಿ ಶ್ಯಾಡ್ಲೆನ್ ಸಹ ಇದ್ದ ತಂಡ ವರದಿ ಮಾಡಿತು. ಮಿದುಳಿನ ಬೇರೆ ಭಾಗಗಳು ಆ ಕೆಲಸವನ್ನು ಹೊತ್ತುಕೊಳ್ಳುತ್ತವೆ ಅನ್ನುವುದು ಅವರ ವಿವರಣೆ. ಒಟ್ಟಿಗೆ ಬಹಳ ನರಕೋಶಗಳನ್ನು ಆಲಿಸಬಲ್ಲ, ಬಹಳ ಎಲೆಕ್ಟ್ರೋಡ್‌ಗಳಿರುವ ನ್ಯೂರೋಪಿಕ್ಸೆಲ್ಸ್ ಎಂಬ ಸೂಜಿಯಂಥ ಉಪಕರಣ ಬಂದ ಮೇಲೆ, ಸರಾಸರಿ ಹಾಕದೆ ಒಂದೇ ಸಲದ ಮಿಡಿತದಲ್ಲೂ ಮೆಲ್ಲನೆಯ ಏರಿಕೆ ಕಂಡಿದೆ.

ಇಷ್ಟರಲ್ಲಿ ಪ್ರಶ್ನೆಯೇ ಹಿಗ್ಗಿತು. 2025ರಲ್ಲಿ ಇಂಟರ್‌ನ್ಯಾಷನಲ್ ಬ್ರೇನ್ ಲ್ಯಾಬೊರೇಟರಿ ಎಂಬ ಹಲವು ಲ್ಯಾಬ್‌ಗಳ ಒಕ್ಕೂಟ, ಎಡವೋ ಬಲವೋ ಎಂದು ಆರಿಸುವ ಆಟವಾಡುತ್ತಿದ್ದ 139 ಇಲಿಗಳ 279 ಮಿದುಳು ಭಾಗಗಳಿಂದ 6 ಲಕ್ಷಕ್ಕೂ ಹೆಚ್ಚು ನರಕೋಶಗಳ ದಾಖಲೆ ಪ್ರಕಟಿಸಿತು. ಆಯ್ಕೆಯ ಕುರುಹು ಮೇಲ್ಪದರದಿಂದ ಹಿಡಿದು ಮಿದುಳಿನ ತಳದವರೆಗೆ ಸಿಕ್ಕಿತು. ಒಂದೇ ಜಾಗ ಹುಡುಕಿದ್ದು ಯಾಕೆ ಅಂತ ಈಗ ಕೇಳಬಹುದು. ಮಂಗಗಳ ಆ ಮೊದಲ ಪ್ರಯೋಗಗಳ ಕಾಲದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ನರಕೋಶವನ್ನಷ್ಟೇ ಆಲಿಸಲು ಆಗುತ್ತಿತ್ತು. ಆದರೆ ಕುರುಹು ಸಿಕ್ಕ ಕಡೆಯಲ್ಲೆಲ್ಲ ನಿರ್ಧಾರ ಆಗುತ್ತದೆ ಎಂದೇನಿಲ್ಲ. ಎಲ್‌ಐಪಿಗೆ ಮಾಡಿದಂತೆ ಒಂದೊಂದನ್ನೇ ಸುಮ್ಮನಾಗಿಸಿ ನೋಡುವ ಕೆಲಸ ಬಾಕಿಯಿದೆ.